ಹರಳೆಣ್ಣೆ ಕುಡಿದ ಮೋಟಾರು

ರಾಯಚೂರು, ಆಸ್ಪತ್ರೆಯ ವರಾಂಡ
30 ಡಿಸೆಂಬರ್ 1944, ಶನಿವಾರ

ನನ್ನ ಮುದ್ದು ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಈ ಚಳಿಗೆ ರಾತ್ರಿಯ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಊರಿಗೆಲ್ಲ ಔಷಧಿ ಕೊಡುವ ಡಾಕ್ಟರ್ ಅಪ್ಪ ತಾನೇ ಮಫ್ಲರ್ ಸುತ್ತಿಕೊಳ್ಳದೆ ಬೆಳಗಿನ ವಾಕಿಂಗಿಗೆ ಹೋಗುತ್ತಿದ್ದರೆ ನನ್ನ ಆಣೆ ಇದೆ ಎಂದು ಹೇಳು. ನೋಡು, ಇಷ್ಟೆಲ್ಲ ಗಾಬರಿಯಲ್ಲೂ ಮೊದಲು ಕ್ಷೇಮ ಕೇಳಿದ್ದೇನೆ. ಇಲ್ಲದಿದ್ದರೆ ನೀನು ಕಾಗದವನ್ನು ಪಕ್ಕಕ್ಕಿಟ್ಟು "ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಓದಿದರೂ ರೀತಿ ರಿವಾಜು ಬರಲಿಲ್ಲ ಈ ಹುಡುಗಿಗೆ" ಎಂದು ಅಪ್ಪನ ಮುಂದೆ ಹೇಳುತ್ತಿದ್ದೆ. ಬುಧವಾರದ ತಂತಿ ಸಿಕ್ಕಿತೆಂದೂ ಭಾನುವಾರ ರಾತ್ರಿಯ ಗಾಡಿಗೆ ಇಬ್ಬರೂ ಹೊರಡುತ್ತೀರೆಂದೂ ಅಪ್ಪನ ಉತ್ತರ ಬಂತು. ತಂತಿಯನ್ನು ಎದೆಗೆ ಒತ್ತಿಕೊಂಡು ಈ ವರಾಂಡದಲ್ಲೇ ಅತ್ತುಬಿಟ್ಟೆ ಅಮ್ಮಾ, ಎಲ್ಲರೂ ನೋಡುತ್ತಿದ್ದರೂ. ಈ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಅಮೀರ್ ಸಾಬ್ ಇವತ್ತು ರಾತ್ರಿ ಸಿಕಂದರಾಬಾದಿಗೆ ಹೊರಟಿದ್ದಾರೆ, ಕಾಗದವನ್ನು ನಿನ್ನ ಕೈಯಲ್ಲೇ ಕೊಡುತ್ತೇನೆಂದಿದ್ದಾರೆ. ನೀವು ರೈಲು ಹತ್ತುವ ಮೊದಲು ಇದನ್ನು ಓದಿಯೇ ಹತ್ತಬೇಕು.

ಇವರಿಗೆ, ನಿನ್ನ ಅಳಿಯನಿಗೆ, ಹೇಗಿದೆ ಎಂದರೆ ಏನು ಹೇಳಲಿ? ಉಸಿರಾಡುತ್ತಿದ್ದಾರೆ, ಮಾತಾಡುತ್ತಾರೆ, ನಿನ್ನೆ ನನ್ನ ಕೂದಲು ಹಕ್ಕಿಗೂಡಿನಂತಾಗಿದೆ ಎಂದು ನಕ್ಕರು. ಆದರೆ ಹೊಟ್ಟೆಯಿಂದ ರಬ್ಬರಿನ ನಳಿಕೆಯೊಂದು ಹೊರಗೆ ಬಂದಿದೆ, ಅದರಿಂದ ಬರುವುದನ್ನು ನಾನು ನೋಡಲಾರೆ. ಬೆಳಿಗ್ಗೆ ಇಳಿದಿರುವ ಜ್ವರ ದೀಪ ಹಚ್ಚುವ ಹೊತ್ತಿಗೆ ಏರುತ್ತದೆ. ಏರುವಾಗ ಇವರ ಕಿವಿಗಳು ಮೊದಲು ಕೆಂಪಾಗುತ್ತವೆ. ಈಗ ನನಗೆ ಥರ್ಮಾಮೀಟರ್ ಬೇಡ, ಕಿವಿ ನೋಡಿದರೆ ಸಾಕು. ಸರ್ಜನ್ ಸಾಹೇಬರು ಒಳ್ಳೆಯವರು, ಆದರೆ ಬಾಯಿ ತೆರೆಯುವುದಿಲ್ಲ. "ಸೋಮವಾರದ ತನಕ ನನ್ನನ್ನು ಏನೂ ಕೇಳಬೇಡಮ್ಮಾ" ಎಂದುಬಿಟ್ಟರು. ಹಾಗಾಗಿ ಕೇಳುವುದಿಲ್ಲ, ಬರೆಯುತ್ತೇನೆ. ಬರೆಯುತ್ತಾ ಇದ್ದರೆ ಎದೆ ಇಷ್ಟು ಜೋರಾಗಿ ಹೊಡೆದುಕೊಳ್ಳುವುದಿಲ್ಲ. ಅಕ್ಷರ ವಕ್ರವಾಗಿದ್ದರೆ ಕ್ಷಮಿಸು, ಬಲಗೈ ರಟ್ಟೆ ಇನ್ನೂ ನೋಯುತ್ತಿದೆ. ಏಕೆಂದು ಹೇಳುತ್ತೇನೆ.

ಅಪ್ಪ ಮದುವೆಯಲ್ಲಿ ಕೊಟ್ಟ ಮೋಟಾರಿಗೆ ಈಗ ಒಂದು ವಿಚಿತ್ರ ಚಟ ಹತ್ತಿದೆ. ಡಾಕ್ಟರೆಂದು ಇವರಿಗೆ ಪೆಟ್ರೋಲಿನ ಕೂಪನ್ನು ಸಿಗುತ್ತದೆ. ಆದರೆ ಇಂಜಿನ್ನಿಗೆ ಹಾಕುವ ಎಣ್ಣೆ ಯುದ್ಧ ಶುರುವಾದಾಗಿನಿಂದ ಮಾನ್ವಿಯಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಅದಕ್ಕೆ ಇವರು ಹಳೆಯ ಎಣ್ಣೆಯನ್ನೆಲ್ಲ ಇಳಿಸಿ, ತೊಳೆದು, ಗಾಣದಿಂದ ಡಬ್ಬಿಗಟ್ಟಲೆ ಔಡಲ ಎಣ್ಣೆ ತಂದು ತುಂಬಿದರು. ನೀನು ಹರಳೆಣ್ಣೆ ಎನ್ನುತ್ತೀಯಲ್ಲ, ಚಿಕ್ಕವಳಿದ್ದಾಗ ಮೂಗು ಹಿಡಿದು ನನಗೆ ಕುಡಿಸುತ್ತಿದ್ದೆಯಲ್ಲ, ಅದೇ! ವಿಮಾನಗಳೇ ಇದನ್ನು ಕುಡಿದು ಹಾರಿವೆ, ನಮ್ಮ ಡಬ್ಬಾ ಏನು ಮಹಾ ಎನ್ನುತ್ತಾರೆ ಇವರು. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ದೀಪಾವಳಿ ಮುಗಿದು ಚಳಿ ಬಿದ್ದದ್ದೇ ತಡ, ಬೆಳಗಿನ ಹೊತ್ತು ಆ ಎಣ್ಣೆ ಕಾಕಂಬಿಯಂತೆ ದಪ್ಪವಾಗಿ ಇಂಜಿನ್ನನ್ನೇ ಹಿಡಿದುಕೊಳ್ಳತೊಡಗಿತು. ಬ್ಯಾಟರಿ ಎಂದೋ ಸತ್ತಿದೆ. ಮುಂದಿನ ಹ್ಯಾಂಡಲ್ ತಿರುಗಿಸೋಣವೆಂದರೆ ಇಬ್ಬರು ಗಂಡಸರು ನೇತಾಡಿದರೂ ಅಲುಗದು. ಅದಕ್ಕೆ ದಿನಾ ಬೆಳಿಗ್ಗೆ ಮೋಟಾರಿಗೆ ಉಪಚಾರ. ಇದ್ದಿಲಿನ ಶೆಗಡಿಯಲ್ಲಿ ಕೆಂಡ ತುಂಬಿ ಇಂಜಿನ್ನಿನ ಕೆಳಗೆ, ಎಣ್ಣೆ ನಿಲ್ಲುವ ತಟ್ಟೆಯ ಅಡಿಗೆ ಸರಿಸುವುದು. ಬಚ್ಚಲ ಹಂಡೆಯಿಂದ ಬಿಸಿನೀರು ತಂದು ರೇಡಿಯೇಟರಿಗೆ ಸುರಿಯುವುದು. ಅರ್ಧ ಗಂಟೆ ಕಾದು ಹ್ಯಾಂಡಲ್ ಹೊಡೆಯುವುದು. ನಮ್ಮ ಅತ್ತೆಯವರು ತುಳಸಿಕಟ್ಟೆಯ ಹತ್ತಿರ ನಿಂತು "ದೀಪಾವಳಿ ಅಳಿಯಾಗೂ ಇಷ್ಟು ಎಣ್ಣಿ-ನೀರು ಇಲ್ರೀ ನಮ್ಮನ್ಯಾಗ, ಇದಕ್ಕ ದಿನಾ ಅಭ್ಯಂಗನ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಮೇಲೆ ಪೆಟ್ರೋಲು, ಕೆಳಗೆ ಬೆಂಕಿ, ನಡುವೆ ನನ್ನ ಗಂಡ ಅಂಗಾತ ಮಲಗಿ ಕೆಂಡ ಊದುತ್ತಿರುತ್ತಾರೆ. ಒಂದು ತೊಟ್ಟು ಜಾರಿ ಬಿದ್ದರೆ? ಮದುವೆಯಾಗಿ ಬಂದ ಈ ಮೊದಲ ಚಳಿಗಾಲವನ್ನು ಇಲ್ಲಿಯ ತನಕ ನಾನು ಮರಳಿನ ಬಕೆಟ್ಟು ಹಿಡಿದು ನರಸಿಂಹನ ಜಪ ಮಾಡುತ್ತಲೇ ಕಳೆದಿದ್ದೇನೆ.

ಏಕಾದಶಿಯ ದಿನ ಮಾತ್ರ ನನ್ನ ಎದೆಗೆ ರಜೆ. ನಮ್ಮ ಅತ್ತೆ ಸತ್ಯಭಾಮಾಬಾಯಿಯವರ ನೇಮ ನಿನಗೆ ಗೊತ್ತಲ್ಲ. ದಶಮಿಯ ಸಂಜೆಯೇ ಒಲೆಗಳಿಗೆ ನೀರು ಹಾಕಿ, ಸಾರಿಸಿ, ಮೇಲೆ ರಂಗೋಲಿ ಎಳೆದುಬಿಡುತ್ತಾರೆ. ಬಚ್ಚಲ ಹಂಡೆಗೂ ಉರಿ ಇಲ್ಲ, ಎಲ್ಲರಿಗೂ ಬಾವಿಯ ತಣ್ಣೀರೇ. ದ್ವಾದಶಿಯ ಬೆಳಗಿನ ತನಕ ಮನೆಯಲ್ಲಿ ದೇವರ ದೀಪ ಬಿಟ್ಟರೆ ಬೆಂಕಿಯೇ ಇರುವುದಿಲ್ಲ. ಆ ದಿನ ಮೋಟಾರಿಗೂ ಉಪವಾಸ. ತೀರ ಬೇಕಾದರೆ ಬಿಸಿಲು ಚೆನ್ನಾಗಿ ಏರಿದ ಮೇಲೆ ತೆಗೆಯುತ್ತಾರೆ. ಮೊನ್ನೆ ಮಂಗಳವಾರ ಬಂದದ್ದು ಬರೀ ಏಕಾದಶಿಯಲ್ಲ, ವೈಕುಂಠ ಏಕಾದಶಿ.

ಹಿಂದಿನ ದಿನ ಇವರು ದೇವದುರ್ಗದ ಕಡೆ, ಅರಕೇರಾದ ಒಬ್ಬ ರೋಗಿಯನ್ನು ನೋಡಲು ಹೋಗಿದ್ದರು. ಗಾಯ ಕಟ್ಟಲು ಕಂಪೌಂಡರ್ ಪಕೀರಪ್ಪನನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದರು. ಹೊಟ್ಟೆ ತೊಳಸುತ್ತಿದೆ ಎಂದು ಮಲಗಿದರು. ಬೆಳಕು ಹರಿಯುವ ಮುಂಚೆ ನನ್ನ ಕೈ ಹಿಡಿದು ಎಬ್ಬಿಸಿದಾಗ ಇವರ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು. ಮೊಣಕಾಲು ಮಡಿಸಿಕೊಂಡು ಹೊಟ್ಟೆಯ ಬಲಗಡೆ ಕೈಯಿಟ್ಟಿದ್ದರು. ಅತ್ತೆಯವರು ಆಗಲೇ ತಣ್ಣೀರು ಸ್ನಾನ ಮುಗಿಸಿ ಮಡಿ ಸೀರೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಇವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಅತ್ತೆಯವರಿಗೆ ತಿಳಿಯಬಾರದ್ದನ್ನು ನಾವು ಯಾವಾಗಲೂ ಇಂಗ್ಲಿಷಿನಲ್ಲೇ ಆಡುವುದು, ಬಹಳ ಮಟ್ಟಿಗೆ ಚೇಷ್ಟೆಯ ಮಾತುಗಳು. ಈ ಸಲ ಇವರು ಹೇಳಿದ್ದು ಇದು: ಅಪೆಂಡಿಕ್ಸ್, ಅನುಮಾನವೇ ಇಲ್ಲ. ರಾಯಚೂರಿಗೆ ಹೋಗಿ ಹೊಟ್ಟೆ ಕೊಯ್ಯಿಸಬೇಕು, ಇವತ್ತೇ, ಆದಷ್ಟು ಬೇಗ. ಒಡೆದರೆ ನಾನು ಉಳಿಯುವುದು ಕಷ್ಟ. ನೋವು ತಟ್ಟನೆ ನಿಂತಿತು ಎಂದು ನಾನು ಹೇಳಿದರೆ ಸಂತೋಷಪಡಬೇಡ, ಒಡೆಯಿತೆಂದು ತಿಳಿದು ಇನ್ನೂ ಜೋರಾಗಿ ಓಡಿಸು. ನಮ್ಮಮ್ಮ ಹರಳೆಣ್ಣೆ ಕುಡಿಸಲು ಬಂದರೆ ಕುಡಿಸಗೊಡಬೇಡ. ಭೇದಿಯ ಔಷಧಿ ಹೊಟ್ಟೆಗೆ ಹೋದರೆ ಅದು ಒಡೆದಂತೆಯೇ. ಆದರೆ ಏಕೆಂದು ಆಕೆಗೆ ಹೇಳಬೇಡ. ಏನಾದರೂ ಸರಿ, ಏಕೆಂದು ಹೇಳಬೇಡ.

ಅಮ್ಮಾ, ಹೋಗುವುದು ಹೇಗೆ? ಮಧ್ಯಾಹ್ನದ ತನಕ ಬಸ್ಸಿಲ್ಲ. ಎತ್ತಿನ ಗಾಡಿಯಲ್ಲಾದರೆ ಸಂಜೆ ದಾಟುತ್ತದೆ. ಮೋಟಾರಿದೆ, ಆದರೆ ಊರಲ್ಲಿ ಅದನ್ನು ನಡೆಸಬಲ್ಲವರು ಇವರೊಬ್ಬರೇ ಎಂದು ಎಲ್ಲರೂ ತಿಳಿದಿದ್ದರು. ಪರೇಡ್ ಮೈದಾನದಲ್ಲಿ ಅಪ್ಪ ನನಗೆ ಕಲಿಸಿದ್ದನ್ನು ನಾನು ನಿನ್ನ ಮಾತಿನಂತೆ ಯಾರಿಗೂ ಹೇಳಿರಲಿಲ್ಲ. "ಗಂಡನ ಮನೆಯಲ್ಲಿ ಬಾಯಿ ಬಿಟ್ಟರೆ ಜೋಕೆ, ಸೊಸೆ ಡ್ರೈವರಂತೆ ಎಂದು ಹೆಸರಿಡುತ್ತಾರೆ" ಎಂದಿದ್ದೆ. ಇವರಿಗೆ ಮಾತ್ರ ಗೊತ್ತಿತ್ತು. ಅಂದು ಬೆಳಿಗ್ಗೆ ಅತ್ತೆಯವರ ಎದುರೇ "ಗಾಡಿ ನಾನು ಹೊಡೆಯುತ್ತೇನೆ" ಎಂದೆ. ಅವರು ನನ್ನನ್ನು ನೋಡಿದ ನೋಟ! "ಏನು, ನೀ ಹೊಡೀತೀ? ನಿನ್ನಿ ಶಾವಿಗಿ ಸೀಸಿ ಕರ್ರಗ ಮಾಡಿದಿ, ಮೋಟಾರು ಹೊಡೀತಾಳಂತ! ಹೊಟ್ಟಿ ನೋವಿಗೆ ರಾಯಚೂರು ಯಾಕ? ಎಣ್ಣಿ ಕುಡಿಸ್ತೀನಿ, ಮಧ್ಯಾಹ್ನಕ್ಕ ಎದ್ದು ಕೂಡ್ತಾನ ಪ್ರಾಣೇಶ." ರಾಯಚೂರಿನಲ್ಲಿ ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದಕ್ಕೆ ಎಂದೆ. ಆದರೆ ಅಷ್ಟು ಸಣ್ಣ ಮಾತಿಗೆ ರಂಗೋಲಿ ಎಳೆದ ಒಲೆ ಹೊತ್ತಿಸಿರಿ ಎಂದು ಕೇಳುವುದು ಹೇಗೆ? ಮಗ ಸಾಯುತ್ತಾನೆ ಎಂದು ಹೇಳಿದ್ದರೆ ಆಕೆ ವೈಕುಂಠ ಏಕಾದಶಿಯನ್ನೇ ಬದಿಗೊತ್ತಿ ಮನೆಯಷ್ಟು ದೊಡ್ಡ ಬೆಂಕಿ ಹಾಕುತ್ತಿದ್ದರು. ಆದರೆ ಏಕೆಂದು ಕೇಳುತ್ತಿದ್ದರು, ಹೇಳುವ ಹಾಗಿರಲಿಲ್ಲ.

ಶೆಗಡಿ ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ. ಅಕ್ಕಿ ಗಿರಣಿಯ ಹಂಪಮ್ಮನವರ ಮನೆ ಅದು. ಅವರಿಗೆ ಏಕಾದಶಿಯಿಲ್ಲ, ನಮಗೆ ಒಲೆ ಆರಿದ ದಿನ ಅವರ ಮನೆಯ ರೊಟ್ಟಿಯ ವಾಸನೆ ಗೋಡೆ ದಾಟಿ ಬಂದು ನನ್ನನ್ನು ಕೊಲ್ಲುತ್ತದೆ. ಗಂಡ, ಭಾವಂದಿರೆಲ್ಲ ಸೂಗೂರೇಶ್ವರನ ಹರಕೆಗೆ ದೇವಸುಗೂರಿಗೆ ಹೋಗಿದ್ದರು, ಹಂಪಮ್ಮನವರು ಒಬ್ಬರೇ ಒಲೆಯ ಮುಂದೆ ಕೂತಿದ್ದರು. ನನ್ನ ಕೈಯಲ್ಲಿ ಶೆಗಡಿ ನೋಡಿದ್ದೇ "ಏನವ್ವಾ ಡಾಕ್ಟ್ರಮ್ಮಾ, ಇವತ್ತ ನಿಮ್ಮ ದೊಡ್ಡ ಏಕಾಸಿ ಅಲ್ಲೇನು? ಅತ್ತಿಗಿ ಗೊತ್ತಾಗ್ದಂಗ ಚಾ ಕಾಸಾಕ ಕೆಂಡ ಬೇಕಾತೇನು? ಕುಂದ್ರು, ಇಲ್ಲೇ ಕುಡದು ಬಾಯಿ ಒರಸ್ಕೊಂಡು ಹೋಗು" ಎಂದು ನಕ್ಕರು. ನನಗೆ ಅಳು ಬಂತು. ಡಾಕ್ಟರಿಗೆ ಹುಷಾರಿಲ್ಲ, ಮೋಟಾರು ಕಾಯಿಸಬೇಕು ಎಂದಷ್ಟೇ ಹೇಳಲಾಯಿತು. ಮುಂದೆ ಒಂದು ಮಾತೂ ಕೇಳದೆ ಹೆಂಚಿನ ಕೆಳಗಿನ ಕೆಂಡವನ್ನೆಲ್ಲ ಎಳೆದು ಶೆಗಡಿ ತುಂಬಿ, ಹಂಡೆಯ ಬಿಸಿನೀರನ್ನು ಎರಡು ಕೊಡಗಳಲ್ಲಿ ಹೊತ್ತು ನನ್ನ ಹಿಂದೆಯೇ ಬಂದರು. ಅರ್ಧ ಬೆಂದ ರೊಟ್ಟಿ ಹೆಂಚಿನ ಮೇಲೆಯೇ ಉಳಿಯಿತು.

ಶೆಗಡಿಯನ್ನು ಕೆಳಗೆ ಸರಿಸಿದೆ. ದಿನವೂ ಇವರು ಮಲಗುವ ಜಾಗದಲ್ಲಿ ಈಗ ನಾನು ಮಲಗಿದೆ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಕೆಂಡದ ಕಿಡಿಯೊಂದು ಮೇಲೆದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮರಳಿನ ಬಕೆಟ್ಟು ಹಿಡಿದು ನಿಲ್ಲಲು ಯಾರೂ ಇಲ್ಲ ಎಂದು ಆಗ ಹೊಳೆಯಿತು. ಹಂಪಮ್ಮನವರು ಸೆರಗಿನಿಂದ ಗಾಳಿ ಹಾಕುತ್ತಾ "ಯವ್ವಾ, ಸಿಡದು ಹೋಗಂಗಿಲ್ಲ ಹೌದಿಲ್ಲೋ ಇದು?" ಎಂದು ಕೇಳಿದರು. ಇಲ್ಲ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಗಾಳಿ ಹಾಕತೊಡಗಿದರು. ಒಳಗಿನಿಂದ ಇವರ ನರಳಾಟ ಕೇಳುತ್ತಿತ್ತು. ಕೇಳುತ್ತಿರುವ ತನಕ ಪರವಾಗಿಲ್ಲ ಎಂದು ಎಣಿಸಿಕೊಂಡೆ. ಗಂಡ ನರಳುತ್ತಿರಲಿ ದೇವರೇ, ನಿಲ್ಲಿಸಬೇಡ ಎಂದು ಬೇಡಿಕೊಳ್ಳುವ ಹೆಂಡತಿ ಇನ್ನೊಬ್ಬಳಿರುತ್ತಾಳೆಯೇ?

ಎಣ್ಣೆ ಎಷ್ಟು ತೆಳುವಾಯಿತು ನೋಡಲು ಎದ್ದು ಇಂಜಿನ್ನಿನ ಎಣ್ಣೆಯ ಮುಚ್ಚಳ ತೆಗೆದಿದ್ದೆ, ಅಷ್ಟರಲ್ಲಿ ಅತ್ತೆಯವರು ಬಂದರು. ಕೈಯಲ್ಲಿ ಕಂಚಿನ ಬಟ್ಟಲು. ಅದರ ತುಂಬ ಹರಳೆಣ್ಣೆ, ಮೋಟಾರಿಗೆಂದು ತಂದ ಡಬ್ಬಿಯಿಂದಲೇ ಬಗ್ಗಿಸಿದ್ದು. "ಹೆಂಗೂ ಶೆಗಡಿ ಹೊತ್ತೇದ, ಇದಿಷ್ಟು ಬೆಚ್ಚಗ ಮಾಡಿ ಕೊಡು. ತಣ್ಣಂದು ಗಂಟಲದಾಗ ಇಳಿಯಂಗಿಲ್ಲ. ಔಷಧಕ್ಕ ಏಕಾದಶಿ ಇಲ್ಲ" ಎಂದರು. ಬೇಡಿ, ಇವರು ಬೇಡವೆಂದಿದ್ದಾರೆ ಎಂದೆ. "ಅವಂಗೇನು ತಿಳೀತದ? ಡಾಕ್ಟರ್ ಆದ್ರ ತಾಯಿಗಿಂತ ದೊಡ್ಡಾಂವಾ ಆದ್ನೇನು? ಬಾಯಿ ಹಿಡದು ಕುಡಿಸ್ತೀನಿ, ಸಣ್ಣಾಂವಿದ್ದಾಗ ಹಂಗ ಕುಡಿಸೀನಿ" ಎಂದು ಶೆಗಡಿಯ ಕಡೆ ಬಗ್ಗಿದರು. ನನಗೆ ಬೇರೇನೂ ತೋಚಲಿಲ್ಲ ಅಮ್ಮಾ. ಸ್ನಾನವಿಲ್ಲದ ಮೈಯಲ್ಲಿ, ಮಸಿ ಕೈಯಲ್ಲಿ, ಮಡಿಯಲ್ಲಿದ್ದ ಅವರ ಕೈಯಿಂದ ಬಟ್ಟಲು ಕಿತ್ತುಕೊಂಡು ಪೂರ್ತಿ ಇಂಜಿನ್ನಿನೊಳಗೆ ಸುರಿದುಬಿಟ್ಟೆ. ಸುರಿದು, ಹಲ್ಲು ಕಿಸಿದು, "ಇದಕ್ಕೆ ಕಡಿಮೆಯಾಗಿತ್ತು ಅತ್ತೆ" ಎಂದೆ. ಡಬ್ಬಿಯಲ್ಲಿ ಇನ್ನೂ ಎಣ್ಣೆ ಇತ್ತೆಂದು ನೆನಪಾಗಿ, ಓಡಿಹೋಗಿ ಅದನ್ನೂ ತಂದು ಗಾಡಿಯ ಹಿಂದೆ ಹಾಕಿ ಬೀಗ ಹಾಕಿದೆ.

ಹಂಪಮ್ಮನವರ ಸೆರಗು ಗಾಳಿಯಲ್ಲೇ ನಿಂತಿತು. ಅತ್ತೆಯವರು ತಮ್ಮ ಬರಿಗೈಯನ್ನು ನೋಡಿಕೊಂಡರು, ಆಮೇಲೆ ನನ್ನನ್ನು. "ಹುಚ್ಚು ಹಿಡದದ ಇದಕ್ಕ" ಎಂದರು, ಯಾರಿಗೂ ಅಲ್ಲ, ತುಳಸಿಗೆ. ನಾನು ಇಡೀ ಮನೆಯಲ್ಲಿ ತಲೆ ನೆಟ್ಟಗಿಲ್ಲದ ಹುಡುಗಿ ಎಂದು ಹೆಸರಾದದ್ದು ಅಂದು ಎಷ್ಟು ಉಪಯೋಗಕ್ಕೆ ಬಂತು! ಬುದ್ಧಿವಂತೆ ಹಾಗೆ ಮಾಡಿದ್ದರೆ ಕಾರಣ ಕೇಳುತ್ತಿದ್ದರು.

ಹ್ಯಾಂಡಲ್ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಹಂಪಮ್ಮನವರು ಮತ್ತೆ ಗಾಳಿ ಹಾಕಿದರು, ರೇಡಿಯೇಟರಿನ ನೀರು ಇಳಿಸಿ ಇನ್ನೊಂದು ಕೊಡ ಬಿಸಿನೀರು ಸುರಿದೆ. ಬಿಸಿಯಾದ ಹರಳೆಣ್ಣೆಯ ಕಮಟು ಅಂಗಳ ತುಂಬಿತು. ಎರಡನೆಯ ಸಲ ಹ್ಯಾಂಡಲ್ ಬೆಣ್ಣೆಯಲ್ಲಿ ಕಡಗೋಲು ಆಡಿದಂತೆ ನಿಧಾನವಾಗಿ ಒಂದು ಸುತ್ತು ಬಂತು. ಆಗ ಅಪ್ಪನ ಮಾತು ನೆನಪಿಸಿಕೊಂಡೆ: ಹೆಬ್ಬೆರಳು ಒಳಗೆ ಮಡಿಸಬೇಡ, ಕೆಳಗಿನಿಂದ ಮೇಲಕ್ಕೆ ಎಳೆ, ಹ್ಯಾಂಡಲ್ ತಿರುಗಿ ಒದ್ದರೆ ಬಿಟ್ಟುಬಿಡು. ಒದ್ದಿತು. ರಟ್ಟೆ ಕಿತ್ತುಬಂದಂತಾಯಿತು. ಹೆಬ್ಬೆರಳು ಉಳಿಯಿತು. ಮತ್ತೆ ಎಳೆದೆ, ಮತ್ತೆ ಎಳೆದೆ, ಕೊನೆಗೆ ಅದು ಕೆಮ್ಮಿ, ಸೀನಿ, ನೀಲಿ ಹೊಗೆ ಉಗುಳಿ ಎದ್ದುನಿಂತಿತು. ಹಂಪಮ್ಮನವರು ಕೂಗಿಕೊಂಡು ಓಡಿದರು, ಮತ್ತೆ ತಿರುಗಿ ಬಂದು ಶೆಗಡಿಯನ್ನು ಕೋಲಿನಿಂದ ಹೊರಗೆಳೆದರು. ಇವರನ್ನು ನಾವಿಬ್ಬರೂ ಹೊತ್ತು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅತ್ತೆಯವರು ಇಷ್ಟು ದಿನ ಚರ್ಮದ ಸೀಟೆಂದು ಆ ಮೋಟಾರಿನ ಬಾಗಿಲನ್ನೂ ಮುಟ್ಟಿದವರಲ್ಲ. "ಮಡಿ ನೀನಽ ಕೆಡಿಸೀದಿ. ಇನ್ನ ಎಲ್ಲಿ ಕೂತರೇನು" ಎಂದು ಹತ್ತಿ, ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ದಾರಿಯ ಬಗ್ಗೆ ಅಪ್ಪನಿಗೆ ಹೇಳು, ನಾನು ಗೇರು ಒಂದೂ ಕಿರುಗುಟ್ಟಿಸಲಿಲ್ಲ. ಮಾನ್ವಿ ದಾಟುವಾಗ ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ತಗ್ಗು ಬಂದಾಗಲೆಲ್ಲ ಇವರು ಕೂಗುತ್ತಿದ್ದರು, ನಾನು ಅಳುತ್ತಿದ್ದೆ, ಅತ್ತೆಯವರು "ಸಾವಕಾಶ ಹೊಡಿಯೇ, ಸಾವಕಾಶ" ಎನ್ನುತ್ತಿದ್ದರು. ನೀರಮಾನ್ವಿಯ ಎಲ್ಲಮ್ಮನ ಗುಡಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಒಂದು ದೊಡ್ಡ ತಗ್ಗಿನಲ್ಲಿ ಗಾಡಿ ಇಳಿದು ಏರಿತು, ಇವರು ಕೂಗಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಣ್ಣು ತೆರೆದಿದ್ದರು. ಮುಖ ಬಿಳಿಚಿ, ಶಾಂತವಾಗಿ, ತಾಯಿಯ ಕಡೆ ನೋಡುತ್ತಾ "ಅಮ್ಮಾ, ಈಗ ಆರಾಮ ಅನಸ್ತದ. ನೋವು ನಿಂತದ" ಎಂದರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು, ಬರೀ ನೋಡಿದರು.

ಅತ್ತೆಯವರ ಸಂತೋಷ ನಾನು ಹೇಗೆ ಬರೆಯಲಿ? "ರಾಯರು ಕಣ್ಣು ಬಿಟ್ರು! ಶೂಲಿ ಇಳೀತು ನೋಡು. ಗಾಡಿ ತಿರುಗಸು ಅನಸೂಯಾ, ಮನಿಗೆ ಹೋಗೋಣು, ದೇವರ ಪೂಜಿ ಹಂಗಽ ಬಿಟ್ಟು ಬಂದೀನಿ" ಎಂದು ನನ್ನ ಭುಜ ತಟ್ಟಿದರು. ನಾನು ಕಾಲನ್ನು ಇನ್ನೂ ಒತ್ತಿದೆ. "ಕಿವಿ ಕೇಳಂಗಿಲ್ಲೇನು? ತಿರುಗಸು ಅಂದೆ." ಇಲ್ಲಿ ತಿರುಗಿಸಲು ಜಾಗವಿಲ್ಲ ಎಂದೆ. ಎರಡೂ ಕಡೆ ಬೋಳು ಹೊಲ, ಹತ್ತು ಮೋಟಾರು ತಿರುಗಿಸುವಷ್ಟು ಜಾಗ! ಮುಂದೆ ತಿರುಗಿಸುತ್ತೇನೆ ಎಂದೆ, ಮುಂದೆ ಬಂದಾಗ ಇನ್ನೂ ಮುಂದೆ ಎಂದೆ. ಅವರು ಬೈದರು, ಕೊನೆಗೆ ಬೈಯುವುದನ್ನು ಬಿಟ್ಟು ಮಗನ ಕೂದಲಲ್ಲಿ ಕೈಯಾಡಿಸುತ್ತಾ ತಮ್ಮಷ್ಟಕ್ಕೆ ಮಾತಾಡತೊಡಗಿದರು. ಇವರಿಗೆ ಅಣ್ಣನೊಬ್ಬನಿದ್ದನೆಂದೂ ಹದಿನಾರರ ವಯಸ್ಸಿನಲ್ಲಿ ಜ್ವರ ಬಂದು ಹೋದನೆಂದೂ ನಿನಗೆ ಮದುವೆಯ ಮೊದಲೇ ಹೇಳಿದ್ದರು. ಜ್ವರವಲ್ಲ ಅಮ್ಮಾ. "ವಿಠ್ಠಲಗೂ ಹಿಂಗಽ ಬಲಗಡೆ ಹಿಡದಿತ್ತು. ನಾನಽ ಎಣ್ಣಿ ಕುಡಿಸಿದೆ. ಕುಡಿಸಿದ ಮ್ಯಾಲೆ ನೋವು ಹಿಂಗಽ ನಿಂತಿತ್ತು, ನಕ್ಕೊಂತ ಮಾತಾಡಿದ. ನಾ ಮೂಳಿ, ಅಲ್ಲಿಗೆ ಬಿಟ್ಟೆ. ಇನ್ನೊಂದು ಬಟ್ಟಲು ಕುಡಿಸಿದ್ರ ಉಳೀತಿದ್ದ. ಕೈ ಹಿಂದ ತಗೊಂಡೆ, ಹುಡುಗನ ಬಾಯಿಗೆ ಹೊಲಸು ಹತ್ತತದ ಅಂತ." ಹೀಗೆ ಹೇಳಿ, ಬೆಳಿಗ್ಗೆ ನಾನು ಕಿತ್ತುಕೊಂಡ ಆ ಕೈಯನ್ನು ಸೀರೆಗೆ ಒರೆಸಿಕೊಂಡರು.

ಕನ್ನಡಿಯಲ್ಲಿ ಇವರು ಕಣ್ಣು ಮುಚ್ಚಿದ್ದರು. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಏಕೆಂದು ಹೇಳಬೇಡ ಎಂದದ್ದು ಏಕೆಂದು ಆಗ ನನಗೆ ತಿಳಿಯಿತು. ಮೆಡಿಕಲ್ ಕಾಲೇಜಿನಲ್ಲಿ ಯಾವುದೋ ಒಂದು ದಿನ ಇವರಿಗೂ ಹೀಗೆಯೇ ತಿಳಿದಿರಬೇಕು, ಪಾಠ ಕೇಳುತ್ತಾ ಕೂತಿದ್ದಾಗ. ಅಂದಿನಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆಕೆ ಕೊಟ್ಟ ಊಟ ಉಣ್ಣುತ್ತಿದ್ದಾರೆ. ಆಮೇಲೆ ನಾನು ಕನ್ನಡಿ ನೋಡದೆ ರಾಯಚೂರಿನ ತನಕ ಗಾಡಿ ಹೊಡೆದೆ. ಕೋಟೆಯ ಗೋಡೆ ಕಂಡಾಗ ಅದು ಏನೆಂದೇ ಗುರುತು ಹತ್ತಲಿಲ್ಲ.

ಅಪೆಂಡಿಕ್ಸ್ ಒಡೆದು ಹೆಚ್ಚು ಹೊತ್ತಾಗಿರಲಿಲ್ಲವಂತೆ. ಸರ್ಜನ್ ಸಾಹೇಬರು ಒಳಗೆಲ್ಲ ತೊಳೆದು, ಬಿಳಿಯ ಪುಡಿ ಉದುರಿಸಿ ನಳಿಕೆ ಇಟ್ಟಿದ್ದಾರೆ. ತಡಮಾಡಿದ್ದರೆ ಎಂದು ಅವರು ಶುರು ಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಈಗ ನನ್ನ ಭಯ ಎರಡಾಗಿದೆ. ಒಂದು, ಸೋಮವಾರ. ಇನ್ನೊಂದನ್ನು ಬರೆಯಲು ಈಗ ಧೈರ್ಯವಿಲ್ಲ, ಅತ್ತೆಯವರು ಬಾಗಿಲಲ್ಲೇ ಕೂತಿದ್ದಾರೆ. ಅವರಿಗೆ ನನ್ನ ಬರಹ ಓದಲು ಬರುವುದಿಲ್ಲ ಎಂದು ಗೊತ್ತಿದ್ದರೂ ಕಾಗದವನ್ನು ಕೈಯಿಂದ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ದ್ವಾದಶಿಯ ಪಾರಣೆಯನ್ನೂ ಇಲ್ಲೇ, ಎರಡು ಬಾಳೆಹಣ್ಣಿನಲ್ಲಿ ಮುಗಿಸಿದರು. ನನಗೊಂದು ಸುಲಿದು ಕೊಟ್ಟರು. ಬೈಯುತ್ತಲೇ ಕೊಟ್ಟರು.

ಬರುವಾಗ ಇವರ ಹಳದಿ ಸ್ವೆಟರು ಅಲ್ಲಿ ಉಳಿದಿದೆಯಲ್ಲ, ತಾ. ನನ್ನ ಕುಂಕುಮದ ಭರಣಿಯಲ್ಲಿ ಕುಂಕುಮ ಮುಗಿಯಿತು, ಅದನ್ನೂ ತಾ, ತುಂಬ ತಾ. ಅಪ್ಪನಿಗೆ ನನ್ನ ನಮಸ್ಕಾರ. ನಿನ್ನ ಪಾದ ಹಿಡಿದು ಕೇಳಿಕೊಳ್ಳುತ್ತೇನೆ, ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿ, ನಾನು ಇಲ್ಲಿ ಕೇಳಲು ಮರೆತದ್ದನ್ನೆಲ್ಲ ನೀನು ಅಲ್ಲಿ ಕೇಳು.

ನಿನ್ನ ಹೆದರುಪುಕ್ಕಲಿ,
ಲೀಲೂ
(ಇಲ್ಲಿಯವರ ಅನಸೂಯಾ)

ಮರೆತ ಮಾತು: ಅಮೀರ್ ಸಾಬ್ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಈಗಷ್ಟೇ ಪಕ್ಕದ ವಾರ್ಡಿಗೆ ಹೊಟ್ಟೆನೋವಿನ ಹುಡುಗಿಯೊಬ್ಬಳನ್ನು ತಂದರು. ನರ್ಸು ಆ ಮಗುವಿನ ತಾಯಿಗೆ ಎಲ್ಲರಿಗೂ ಕೇಳುವಂತೆ "ಔಡಲ ಎಣ್ಣಿ ಕುಡಿಸಿ ತಂದೀರೇನು? ಕರುಳು ಒಡೀತದ ಅಂತ ಗೊತ್ತಿಲ್ಲ?" ಎಂದು ಬೈದಳು. ಅತ್ತೆಯವರು ಕೇಳಿಸಿಕೊಂಡರು. ಎದ್ದು ನನ್ನ ಹತ್ತಿರ ಬಂದು, ಬಹಳ ಮೆಲ್ಲಗೆ, "ಆ ಬಟ್ಟಲಾ ಯಾಕ ಕಸಗೊಂಡಿ? ಖರೇ ಹೇಳು" ಎಂದರು. ಮೋಟಾರಿಗೆ ಎಣ್ಣೆ ಸಾಲದಾಗಿತ್ತು ಅತ್ತೆ, ನನಗೆ ತಲೆ ನೆಟ್ಟಗಿಲ್ಲ, ನೀವೇ ಹೇಳುತ್ತೀರಲ್ಲ ಎಂದೆ. ನನ್ನ ಮುಖವನ್ನೇ ನೋಡಿದರು. ಆಮೇಲೆ "ಸೋಮವಾರ ನಿಮ್ಮಪ್ಪ ಬರ್ತಾರಲ್ಲ. ದೊಡ್ಡ ಡಾಕ್ಟರು, ಸುಳ್ಳು ಆಡೋ ಮನಿಶಾ ಅಲ್ಲ. ಅವರನ್ನ ಕೇಳ್ತೀನಿ" ಎಂದು ಮತ್ತೆ ಬಾಗಿಲಿಗೆ ಹೋಗಿ ಕೂತಿದ್ದಾರೆ. ಅಮ್ಮಾ, ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಹಿಂಡಿದರೂ ಬರುವುದಿಲ್ಲ. ಸಿಕಂದರಾಬಾದಿನಿಂದ ರಾಯಚೂರಿನ ತನಕ ಇಡೀ ರಾತ್ರಿ ನಿನ್ನ ಕೈಯಲ್ಲಿದೆ. ಕಲಿಸಿಕೊಂಡು ಬಾ. ಹರಳೆಣ್ಣೆಯಿಂದ ಇಂಥ ನೋವಿಗೆ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ ಬೀಗರೇ, ಒಂದು ಬಟ್ಟಲು ಕುಡಿಸಿದರೂ ಅಷ್ಟೇ ಎರಡು ಕುಡಿಸಿದರೂ ಅಷ್ಟೇ ಎನ್ನಬೇಕು. ನೆಲ ನೋಡಿ ಹೇಳಬಾರದು, ಅವರ ಮುಖ ನೋಡಿ ಹೇಳಬೇಕು.